ಗಾಂಧಿಕ್ಲಾಸ್ ಬೆಂಚಿನಿಂದ: ಸಮುದ್ರಕ್ಕೆ ರೀಟೇಕ್ ಇಲ್ಲ ಗುರುವೇ!



ಈ ವಾರ ಯಾವ ನಟನ ಜಗಳವೂ ಇಲ್ಲ, ಯಾವ ನಟಿಯ ಮದುವೆ ಸುದ್ದಿಯೂ ಇಲ್ಲ. ಹೊಸ ಚಿತ್ರದ ವಿಮರ್ಶೆಯೂ ಇಲ್ಲ. ಬಸ್ಸು ಹೊರಡೋಕೆ ಹತ್ತು ನಿಮಿಷ ಇದೆ, ಬಿಸಿ ಬಿಸಿ ಗಾಸಿಪ್ ಓದೋಣ ಅಂತ ಪತ್ರಿಕೆ ಕೊಂಡವರು ದಯವಿಟ್ಟು ಬೈಯಬೇಡಿ. ಈ ವಾರ ಒಂದು ಕಾಗದಕ್ಕೆ ಉತ್ತರ ಬರೆಯಲೇಬೇಕಾಗಿದೆ. ಆ ಕಾಗದ ನನಗೆ ಮೂರು ರಾತ್ರಿ ಸರಿಯಾಗಿ ನಿದ್ದೆ ಮಾಡೋಕೆ ಬಿಟ್ಟಿಲ್ಲ.

ಬರೆದವನು ನಮ್ಮ ಬೆಳ್ಮಣ್ಣು ಕಡೆಯ ಓದುಗ ಮಿತ್ರ. ನಮ್ಮ ನಿಟ್ಟೆಯಿಂದ ಬಸ್ಸು ಹತ್ತಿದರೆ ಪಡುಬಿದ್ರಿ ದಾರಿಯಲ್ಲೇ ಸಿಗುವ ಊರು. ಹೆಸರು ಬೇಡ. ಅವನ ಪ್ರಶ್ನೆ ಹೀಗಿದೆ: ನಾವು ಎಂಟು ಜನ ಸ್ನೇಹಿತರು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವವರಿದ್ದೇವೆ. ಅಲ್ಲಿ ಒಂದು ರೀಲ್ಸ್ ತೆಗೆಯಬೇಕು. ಹಿಂದೆ ದೊಡ್ಡ ಅಲೆ ಹೊಡೆಯಬೇಕು, ಮುಂದೆ ನಮ್ಮ ಹೀರೋ ಕೈ ಅಗಲಿಸಿ ನಿಂತಿರಬೇಕು. ನೀವು ಸಿನಿಮಾ ತಿಳಿದವರು, ಯಾವ ಬಂಡೆ ಮೇಲೆ ನಿಂತರೆ ಶಾಟ್ ಚೆನ್ನಾಗಿ ಬರುತ್ತೆ ಹೇಳಿ ಸಾರ್!

ತಮ್ಮಾ, ನೀನು ಕೇಳಿದ ಆ ಬಂಡೆ ನನಗೆ ಗೊತ್ತು. ಚೆನ್ನಾಗಿಯೇ ಗೊತ್ತು. ಅದರ ಮೇಲೆ ನಿಂತವನ ಫೋಟೋ ನನ್ನ ಟ್ರಂಕಿನಲ್ಲಿದೆ. ತೆಗೆದವನು ನಾನೇ. ಆ ಕಥೆ ಹೇಳಿಬಿಡುತ್ತೇನೆ, ಆಮೇಲೆ ಎಲ್ಲಿ ನಿಲ್ಲಬೇಕು ಅಂತ ನೀನೇ ನಿರ್ಧಾರ ಮಾಡು.

ಅದು 1979ರ ಜನವರಿ. ಅದರ ಹಿಂದಿನ ವರ್ಷ 'ಸಿಂಗಾಪುರದಲ್ಲಿ ರಾಜಾಕುಳ್ಳ' ಬಿಡುಗಡೆಯಾಗಿತ್ತು. ಈಗಿನ ಹುಡುಗರಿಗೆ ಅದರ ಮಹಿಮೆ ಹೇಳಿದರೂ ಅರ್ಥ ಆಗೋದು ಕಷ್ಟ. ಇವತ್ತು ಪ್ರತಿ ಎರಡನೇ ಚಿತ್ರದ ಹಾಡಿಗೂ ನಮ್ಮವರು ವಿಮಾನ ಹತ್ತುತ್ತಾರೆ. ಆದರೆ ಆಗ ಕನ್ನಡ ಚಿತ್ರವೊಂದು ಸಮುದ್ರ ದಾಟಿ ಪರದೇಶದಲ್ಲಿ ಚಿತ್ರೀಕರಣವಾಗುವುದು ಅಂದರೆ ಸಣ್ಣ ಮಾತೇ? ದ್ವಾರಕೀಶ್ ಆ ಸಾಹಸಕ್ಕೆ ಕೈಹಾಕಿದರು. ಸಿ.ವಿ. ರಾಜೇಂದ್ರನ್ ನಿರ್ದೇಶನ, ವಿಷ್ಣುವರ್ಧನ್ ನಾಯಕ, ಮಂಜುಳಾ ನಾಯಕಿ, ರಾಜನ್-ನಾಗೇಂದ್ರ ಸಂಗೀತ. ಸಿಂಗಾಪುರ ಅಂದರೆ ಒಂದು ದ್ವೀಪ, ಭೂಮಧ್ಯರೇಖೆಯ ಹತ್ತಿರ ಇರುವ ದ್ವೀಪ ಅನ್ನುವ ಭೂಗೋಳದ ಪಾಠ ನಮಗೆ ತಲೆಗೆ ಹತ್ತಿದ್ದು ಶಾಲೆಯಲ್ಲಿ ಅಲ್ಲ ಸ್ವಾಮೀ, ಉಡುಪಿಯ ಟಾಕೀಸಿನ ಗಾಂಧಿಕ್ಲಾಸ್ ಬೆಂಚಿನಲ್ಲಿ!

ಮೂರು ಸಲ ನೋಡಿದೆವು. ಮೂರನೇ ಸಲ ನೋಡಿ ವಾಪಸ್ ಬರುವಾಗ ಕಡೇ ಬಸ್ಸು ತಪ್ಪಿಹೋಯಿತು. ಪಡುಬಿದ್ರಿ ಪೇಟೆಯ ಅಂಗಡಿ ಜಗುಲಿ ಮೇಲೆ ರಾತ್ರಿ ಕಳೆದೆವು. ಅಲ್ಲೇ ನಮ್ಮ ಯೋಜನೆ ಹುಟ್ಟಿದ್ದು.

ನಾವು ನಾಲ್ಕು ಜನ. ಒಬ್ಬ ಎತ್ತರದ ಆಳು, ಗುಂಗುರು ಕೂದಲು, ನಕ್ಕರೆ ನಕ್ಕ ಹಾಗಿರಬೇಕು. ಅವನಿಗೆ ನಾವು ಇಟ್ಟ ಹೆಸರು 'ರಾಜ'. ಇನ್ನೊಬ್ಬ ಐದಡಿಗೆ ಎರಡಂಗುಲ ಕಮ್ಮಿ, ಸಹಜವಾಗಿಯೇ 'ಕುಳ್ಳ'. ಮೂರನೆಯವನ ಅಪ್ಪನಿಗೆ ಕಾರ್ಕಳದಲ್ಲಿ ಬಟ್ಟೆ ಅಂಗಡಿ, ಅವನೇ ನಮ್ಮ 'ಪ್ರೊಡ್ಯೂಸರ್'. ನಾಲ್ಕನೆಯವನು ನಾನು. ನನ್ನ ಭಾವ ಬೊಂಬಾಯಿಯಿಂದ ತಂದ ಆಗ್ಫಾ ಕ್ಲಿಕ್ ತ್ರೀ ಕ್ಯಾಮರಾ ನಮ್ಮ ಮನೆಯಲ್ಲಿತ್ತು. ಆದ್ದರಿಂದ ನಾನೇ 'ಡೈರೆಕ್ಟರ್'.

ಜಗುಲಿ ಮೇಲೆ ಮಲಗಿಕೊಂಡು ಕುಳ್ಳ ಕೇಳಿದ, "ಅಲ್ಲ ಮಾರಾಯಾ, ದ್ವಾರಕೀಶ್ ಅಷ್ಟು ದೂರ ದ್ವೀಪಕ್ಕೆ ಹೋಗ್ಬೇಕಾ? ನಮ್ಮ ಮಲ್ಪೆಯಲ್ಲೇ ಒಂದು ಉಂಟಲ್ಲ?"

ಉಂಟು! ತೋನ್ಸೆಪಾರ್ ಅಂತ ಊರವರ ಹೆಸರು. ತೆಂಗಿನ ದ್ವೀಪ ಅಂತಲೂ ಕರೆಯುತ್ತಾರೆ. ಮಲ್ಪೆ ಬಂದರಿನಿಂದ ಆರೇಳು ಕಿಲೋಮೀಟರು. ಮನೆಯಿಲ್ಲ, ಮಠವಿಲ್ಲ, ಬರೀ ತೆಂಗು, ಚಿಪ್ಪು, ಕಪ್ಪು ಬಂಡೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಶಿಲುಬೆ ನೆಟ್ಟು ಮೇರಿ ಮಾತೆಯ ಹೆಸರಿಟ್ಟ ಅಂತ ಕಥೆ. ಅವನು ನಿಜವಾಗಿ ಇದೇ ಕಲ್ಲಿನ ಮೇಲೆ ಕಾಲಿಟ್ಟನೋ ಇಲ್ಲವೋ, ಹೆಸರಂತೂ ನಿಂತುಬಿಟ್ಟಿದೆ.

"ಅಲ್ಲಿ ರಾಜನ ಫೋಟೋ ತೆಗೆಯುವಾ. ಬೆಂಗಳೂರಿಗೆ ಕಳಿಸುವಾ. ಯಾರಾದ್ರೂ ಡೈರೆಕ್ಟರ್ ಕಣ್ಣಿಗೆ ಬಿದ್ರೆ?" ಅಂದ ಪ್ರೊಡ್ಯೂಸರ್.

ರಾಜ ಏನೂ ಹೇಳಲಿಲ್ಲ. ಆದರೆ ಆ ಕತ್ತಲಲ್ಲೂ ಅವನು ಎದ್ದು ಕೂತದ್ದು ನನಗೆ ಕಾಣಿಸಿತು. ನಗಬೇಡಿ ಸ್ವಾಮೀ. ಆ ಕಾಲದಲ್ಲಿ ನಮ್ಮ ಕಡೆಯ ಪ್ರತಿ ಊರಿನಲ್ಲೂ ಕನ್ನಡಿ ಮುಂದೆ ಹೀಗೆ ಎದ್ದು ಕೂತ ಒಬ್ಬ ರಾಜ ಇದ್ದ. ಈಗಲೂ ಇದ್ದಾನೆ. ಈ ಪತ್ರಿಕೆ ಓದ್ತಾ ಇದ್ದಾನೆ!

ಒಂದು ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆವು. ಕಂಡಕ್ಟರ್ "ರೈಟ್ ಪೋಯಿ" ಅಂದ. ಬೆಳ್ಮಣ್ಣು, ನಂದಿಕೂರು, ಪಡುಬಿದ್ರಿ. ಅಲ್ಲಿ ಬಸ್ಸು ಬದಲಿಸಿ ಉಚ್ಚಿಲ, ಕಾಪು, ಕಟಪಾಡಿ, ಉದ್ಯಾವರ, ಉಡುಪಿ. ಕಾಪುವಿನ ದೀಪಸ್ತಂಭ ಎಲ್ಲಿ ಅಂತ ಕುಳ್ಳ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಬೈಸಿಕೊಂಡ. ಉಡುಪಿಯಲ್ಲಿ ಬನ್ಸು, ಗೋಳಿಬಜೆ, ಕಾಫಿ, ಎಲ್ಲಾ ಪ್ರೊಡ್ಯೂಸರ್ ಲೆಕ್ಕ. ಅಲ್ಲಿಂದ ಮಲ್ಪೆ. ನಿಟ್ಟೆಯಿಂದ ಸಮುದ್ರ ದೂರವೇನಿಲ್ಲ, ಆದರೆ ನಾವು ಗುಡ್ಡದ ಕಡೆಯ ಹುಡುಗರು. ಗದ್ದೆ ಬದಿಯ ತೋಡಿನಲ್ಲಿ, ದೇವಸ್ಥಾನದ ಕೆರೆಯಲ್ಲಿ ಈಜು ಕಲಿತವರು. ಕೆರೆಯಲ್ಲಿ ಈಜು ಬಂದರೆ ಸಮುದ್ರದಲ್ಲೂ ಬಂದ ಹಾಗೆ ಅಂತ ನಮ್ಮ ತಿಳುವಳಿಕೆ. ಈ ತಿಳುವಳಿಕೆಯೇ ಅರ್ಧ ಅನಾಹುತಕ್ಕೆ ಕಾರಣ. ಮರೀಬೇಡಿ.

ನಾವು ಟಿಕೆಟ್ ದೋಣಿಯಲ್ಲಿ ಹೋದವರಲ್ಲ. ಪ್ರೊಡ್ಯೂಸರ್ ಅಪ್ಪನ ಅಂಗಡಿಗೆ ಬಟ್ಟೆ ಕೊಳ್ಳಲು ಬರುತ್ತಿದ್ದ ಒಬ್ಬ ಮೊಗವೀರರು ಪರಿಚಯ. ಅವರು ತಾಂಡೇಲ, ಅಂದರೆ ದೋಣಿಯ ಯಜಮಾನ. ಐವತ್ತು ದಾಟಿದ ವಯಸ್ಸು, ತಲೆಗೆ ಮುಂಡಾಸು, ಮಾತು ಕಡಿಮೆ. ನಾವು 'ಅಣ್ಣೇರೇ' ಅಂತ ಕರೆದೆವು. ಅವರು ನಮ್ಮ ವೇಷ ಮೇಲಿಂದ ಕೆಳಗೆ ನೋಡಿದರು. ನಾಲ್ವರಿಗೂ ಬೆಲ್‌ಬಾಟಂ ಪ್ಯಾಂಟು! ರಾಜನದ್ದಂತೂ ಅಗಲವೆಂದರೆ ಅಗಲ, ನೆಲ ಗುಡಿಸುವ ಹಾಗೆ. ಮೇಲೆ ಹಳದಿ ಶರ್ಟು, ಕಾಲರ್ ಭುಜದವರೆಗೆ.

"ಈ ಚೀಲ ಹಾಕಿಕೊಂಡು ನೀರಿಗೆ ಇಳಿಯಬೇಡಿ ಮಕ್ಕಳೇ," ಅಂದರು ತಾಂಡೇಲರು. ನಾವು ನಕ್ಕೆವು.

ದೋಣಿ ಬಂದರಿನ ಬಾಯಿ ದಾಟಿ ಹೊರಗೆ ಬಂದಾಗ ನಮ್ಮ ನಗು ಸ್ವಲ್ಪ ಕಡಿಮೆಯಾಯಿತು. ಪ್ರೊಡ್ಯೂಸರ್ ತಿಂದ ಗೋಳಿಬಜೆಯನ್ನೆಲ್ಲಾ ಸಮುದ್ರರಾಜನಿಗೆ ಅರ್ಪಿಸಿದ. ಅರ್ಧ ಗಂಟೆ ಮೇಲಾಗಿರಬೇಕು, ಎದುರಿಗೆ ತೆಂಗಿನ ಸಾಲು ಕಾಣಿಸಿತು. ಅಬ್ಬಬ್ಬಾ! ಇವತ್ತಿಗೂ ಕಣ್ಣು ಮುಚ್ಚಿದರೆ ಆ ಮೊದಲ ನೋಟ ಹಾಗೇ ಇದೆ. ನೀಲಿ ನೀರು, ಅದರ ಮೇಲೆ ಕಪ್ಪು ಗೆರೆ, ಅದರ ಮೇಲೆ ಹಸಿರು. ಯಾರೋ ಆರ್ಟ್ ಡೈರೆಕ್ಟರ್ ರಾತ್ರಿಯೆಲ್ಲಾ ಕೂತು ಸೆಟ್ ಹಾಕಿ ಹೋದ ಹಾಗೆ.

ದೋಣಿ ದಡದ ತನಕ ಹೋಗಲಿಲ್ಲ. ಪ್ಯಾಂಟು ಮೊಣಕಾಲಿಗೆ ಮಡಚಿ ನೀರಿಗಿಳಿದು ನಡೆದೆವು. ಕಾಲ ಕೆಳಗೆ ಮರಳಿಗಿಂತ ಚಿಪ್ಪೇ ಜಾಸ್ತಿ, ಚುಚ್ಚುತ್ತದೆ. ತಾಂಡೇಲರು ಹಿಂದಿನಿಂದ ಕೂಗಿ ಹೇಳಿದರು, "ಊರಿನ ಬದಿಯಲ್ಲಿ ಎಲ್ಲಿ ಬೇಕಾದರೂ ಆಡಿ. ಪಡುವಣ ಬದಿಯ ಕಲ್ಲಿಗೆ ಮಾತ್ರ ಹೋಗಬೇಡಿ. ನೀರು ಏರುವ ಹೊತ್ತು."

ಪಡುವಣ ಬದಿ ಅಂದರೆ ತೆರೆದ ಸಮುದ್ರದ ಬದಿ. ಅಲ್ಲಿಯೇ ಅಲೆ ಹೊಡೆಯುವುದು. ಅಲೆ ಇಲ್ಲದೆ ಹೀರೋ ಫೋಟೋ ಬರುವುದುಂಟೇ?

ಆ ಕ್ಯಾಮರಾದಲ್ಲಿ ರೋಲಿಗೆ ಹನ್ನೆರಡೇ ಫೋಟೋ. ಈಗಿನ ಹಾಗೆ ಸಾವಿರ ತೆಗೆದು ಒಂಬೈನೂರು ಅಳಿಸುವ ಕಾಲವಲ್ಲ. ಒಂದೊಂದು ಕ್ಲಿಕ್ಕಿಗೂ ಲೆಕ್ಕ. ಹತ್ತು ಫೋಟೋ ತೆಂಗಿನ ಮರದ ಕೆಳಗೆ, ದೋಣಿಯ ಪಕ್ಕದಲ್ಲಿ, ಚಿಪ್ಪಿನ ರಾಶಿ ಮೇಲೆ ಮುಗಿಯಿತು. ಉಳಿದದ್ದು ಎರಡು. ತಾಂಡೇಲರು ದೋಣಿಯ ಮರೆಯಲ್ಲಿ ಬೀಡಿ ಹಚ್ಚಿದ್ದರು. ನಾವು ಮೆಲ್ಲಗೆ ಪಡುವಣ ಬದಿಗೆ ಹೊರಟೆವು.

ಅಲ್ಲಿಯ ಬಂಡೆಗಳ ವಿಷಯ ಸ್ವಲ್ಪ ಹೇಳಬೇಕು. ಕಾರ್ಕಳದ ಬಂಡೆ ನೀವು ನೋಡಿದ್ದೀರಿ. 1432ರಲ್ಲಿ ಪ್ರತಿಷ್ಠೆಯಾದ ನಮ್ಮ ಗೊಮ್ಮಟ ಒಂದೇ ಕಲ್ಲಿನಲ್ಲಿ ಎದ್ದು ನಿಂತವನು. ಇಲ್ಲಿಯದು ಹಾಗಲ್ಲ. ಇಲ್ಲಿ ಕಲ್ಲೆಲ್ಲಾ ಕಂಬ ಕಂಬ, ಪೆನ್ಸಿಲ್ ಕಟ್ಟು ನಿಲ್ಲಿಸಿದ ಹಾಗೆ. ಹೆಚ್ಚಿನವಕ್ಕೆ ಆರು ಮುಖ, ಕೆಲವಕ್ಕೆ ಐದು. ಭೂಮಿಯ ಹೊಟ್ಟೆಯಿಂದ ಉಕ್ಕಿ ಬಂದ ಲಾವಾ ಆರುವಾಗ ಕುಗ್ಗುತ್ತದೆ, ಕುಗ್ಗುವಾಗ ಬಿರುಕು ಬಿಡುತ್ತದೆ. ಬೇಸಗೆಯಲ್ಲಿ ಕೆರೆಯ ಕೆಸರು ಒಣಗಿ ಬಿರುಕು ಬಿಡುವುದಿಲ್ಲವೇ, ಅದೇ ಕ್ರಮ. ಇಲ್ಲಿ ಆ ಬಿರುಕು ಆಳಕ್ಕೆ ಇಳಿದು ಕಂಬಗಳಾಗಿವೆ. ಸುಮಾರು 8 ಕೋಟಿ 80 ಲಕ್ಷ ವರ್ಷ ಹಿಂದಿನ ಕಥೆ ಅಂತಾರೆ ವಿಜ್ಞಾನಿಗಳು. ಆಗ ನಮ್ಮ ನೆಲಕ್ಕೂ ಆಫ್ರಿಕಾ ಪಕ್ಕದ ಮಡಗಾಸ್ಕರಿಗೂ ನಂಟು ಕಡಿಯುತ್ತಿದ್ದ ಕಾಲ! ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಇದೆಲ್ಲಾ ನಾನು ಆಮೇಲೆ ಓದಿ ತಿಳಿದದ್ದು. ಆ ದಿನ ನಮಗೆ ಅದು ಬರೀ ಮೆಟ್ಟಿಲು. ಹೀರೋ ಹತ್ತಲಿಕ್ಕೆಂದೇ ದೇವರು ಕಟ್ಟಿಸಿದ ಮೆಟ್ಟಿಲು.

ರಾಜ ಹತ್ತಿದ. ಹನ್ನೊಂದನೇ ಫೋಟೋ. ಹಳದಿ ಶರ್ಟಿನ ಎರಡು ಗುಂಡಿ ಬಿಚ್ಚಿ, ಕೈ ಅಗಲಿಸಿ, ಮುಖ ಸ್ವಲ್ಪ ಎಡಕ್ಕೆ ತಿರುಗಿಸಿ ನಿಂತ. ವಿಷ್ಣು ಸ್ಟೈಲು! ನಾನು ಕ್ಯಾಮರಾದ ಕಿಂಡಿಯಲ್ಲಿ ನೋಡಿದೆ. ಅವನ ಕಾಲು ತುಂಡಾಗುತ್ತಿತ್ತು, ಬೆಲ್‌ಬಾಟಂ ಪೂರ್ತಿ ಬರುತ್ತಿರಲಿಲ್ಲ. ಅಷ್ಟು ಅಗಲದ ಬೆಲ್‌ಬಾಟಂ ಬರದೆ ಹೋದರೆ ಏನು ಪ್ರಯೋಜನ?

ಆಗ ನಾನು ಒಂದು ಮಾತು ಹೇಳಿದೆ.

"ಇನ್ನೂ ಎರಡು ಹೆಜ್ಜೆ ಹಿಂದೆ ಹೋಗು ಮಾರಾಯ."

ಅವನು ಹೋದ. ಹಿಂದಿನ ಕಲ್ಲು ಒದ್ದೆ, ಪಾಚಿ ಹಿಡಿದದ್ದು. ನಾನು ಕ್ಲಿಕ್ ಮಾಡಿದೆ. ಕ್ಯಾಮರಾ ಕೆಳಗಿಳಿಸಿದಾಗ ಬಂಡೆಯ ಮೇಲೆ ಯಾರೂ ಇರಲಿಲ್ಲ. ಬರೀ ನೊರೆ, ಕಂಬದ ಸಂದಿಗಳಿಂದ ಹಾಲಿನ ಹಾಗೆ ಇಳಿದು ಹೋಗುತ್ತಿತ್ತು.

ಸಿನಿಮಾದಲ್ಲಿ ಇಂಥ ಹೊತ್ತಿಗೆ ಸಂಗೀತ ಬರುತ್ತದೆ. ಅಲ್ಲಿ ಏನೂ ಬರಲಿಲ್ಲ. ಕುಳ್ಳ ಒಬ್ಬನೇ ಕಿರುಚಿದ. ಪ್ರೊಡ್ಯೂಸರ್ ಅಲ್ಲೇ ಕುಸಿದು ಕೂತ. ನಾನು ಕ್ಯಾಮರಾ ಎದೆಗೆ ಒತ್ತಿಕೊಂಡು ನಿಂತಿದ್ದೆ. ನೀರಿಗೆ ಹಾರುವ ಸ್ನೇಹಿತ ನಾನಾಗಲಿಲ್ಲ. ನಿಜ ಹೇಳುತ್ತಿದ್ದೇನೆ, ಕಾಲೇ ಏಳಲಿಲ್ಲ.

ಹತ್ತು ಮಾರು ಆಚೆ ರಾಜನ ತಲೆ ಕಂಡಿತು. ಅವನು ಕೈ ಬಡಿಯುತ್ತಾ ಬಂಡೆಯ ಕಡೆಗೇ ಬರಲು ನೋಡುತ್ತಿದ್ದ. ಪ್ರತಿ ಅಲೆಯೂ ಅವನನ್ನು ತಂದು ಕಲ್ಲಿಗೆ ಬಡಿಯುತ್ತಿತ್ತು, ಮತ್ತೆ ಹಿಂದಕ್ಕೆ ಎಳೆಯುತ್ತಿತ್ತು. ತಾಂಡೇಲರು ಓಡಿ ಬಂದರು. ಅವರ ಕೈಯಲ್ಲಿ ಒಂದು ಖಾಲಿ ಸೀಮೆಎಣ್ಣೆ ಡಬ್ಬ, ಅದಕ್ಕೆ ತೆಂಗಿನ ನಾರಿನ ಹಗ್ಗ. ಅವರೂ ನೀರಿಗೆ ಹಾರಲಿಲ್ಲ ನೋಡಿ! ಒಣ ಕಲ್ಲಿನ ಮೇಲೆ ಕಾಲೂರಿ ನಿಂತು ಗಂಟಲು ಹರಿಯುವ ಹಾಗೆ ಕೂಗಿದರು, "ಕಲ್ಲು ಹಿಡಿಯಬೇಡ! ಕಲ್ಲು ಬಿಡು! ಹೊರಗೆ ಹೋಗು, ಅಂಗಾತ ಮಲಗು!"

ದಡ ಬಿಟ್ಟು ಸಮುದ್ರದ ಕಡೆಗೆ ಹೋಗು ಅಂತ ಹೇಳಿದರೆ ಮುಳುಗುವವನಿಗೆ ಹೇಗಾಗಬೇಡ? ಆದರೆ ಅದೇ ಸರಿ. ಕಲ್ಲಿನ ಹತ್ತಿರ ಇದ್ದಷ್ಟೂ ಹೊಡೆತ. ಎರಡು ಸಲ ಎಸೆದ ಡಬ್ಬ ಕೈಗೆ ಸಿಗಲಿಲ್ಲ. ಮೂರನೇ ಸಲ ಸಿಕ್ಕಿತು. ಅದನ್ನು ಎದೆಗೆ ಅಪ್ಪಿಕೊಂಡು ರಾಜ ತೇಲಿದ. ತಾಂಡೇಲರು ನಮ್ಮ ಮೂವರ ಕೈಗೆ ಹಗ್ಗ ಕೊಟ್ಟು, ಬಂಡೆಯ ಬದಿ ಬದಿಗೇ ನಡೆಸಿ, ಅಲೆ ಇಲ್ಲದ ಕಡೆ ಬಂದ ಮೇಲೆ ಎಳೆಸಿದರು.

ಮೇಲೆ ಬಂದಾಗ ಅವನ ಬೆನ್ನು, ಮೊಣಕೈ, ಅಂಗಾಲು, ಎಲ್ಲಾ ಕಲ್ಲಿಗಂಟಿದ ಚಿಪ್ಪಿನಿಂದ ತುರಿದು ಹೋಗಿತ್ತು. ಹಳದಿ ಶರ್ಟು ಕೆಂಪಾಗಿತ್ತು. ನೀರು ತುಂಬಿದ ಆ ಬೆಲ್‌ಬಾಟಂ ಒಬ್ಬ ಮನುಷ್ಯನಷ್ಟು ಭಾರ. ಕಾಲಿಗೆ ಕಲ್ಲು ಕಟ್ಟಿದ ಹಾಗಿತ್ತು ಅಂತ ಆಮೇಲೆ ಅವನೇ ಹೇಳಿದ.

ತಾಂಡೇಲರು ಹೊಡೆಯುತ್ತಾರೆ ಅಂದುಕೊಂಡೆವು. ಹೊಡೆಯಲಿಲ್ಲ. ತೆಂಗಿನ ಮರದ ಕೆಳಗೆ ಕೂರಿಸಿ, ತಮ್ಮ ಮುಂಡಾಸು ಬಿಚ್ಚಿ ರಾಜನಿಗೆ ಹೊದೆಸಿ, ಬುತ್ತಿಯ ಗಂಜಿ ಕುಡಿಸಿದರು. ಆಮೇಲೆ ಕೇಳಿದರು, "ನೀವು ಎಂತ ನೋಡಲಿಕ್ಕೆ ಬಂದದ್ದು?" ಯಾರ ಬಾಯಲ್ಲೂ ಉತ್ತರವಿಲ್ಲ. ನಿಜವಾಗಿ ನಾವು ಏನನ್ನೂ ನೋಡಲಿಕ್ಕೆ ಬಂದಿರಲಿಲ್ಲ. ನಮ್ಮನ್ನು ನಾವೇ ನೋಡಿಕೊಳ್ಳಲಿಕ್ಕೆ ಬಂದಿದ್ದೆವು.

ಊರಿಗೆ ಬಂದ ಮೇಲೆ ಏನು ಕಥೆ ಕಟ್ಟಿದೆವು ಗೊತ್ತೇ? ರಾಜ ಹೀರೋಗಿರಿ ಮಾಡಲು ಹೋಗಿ ಬಿದ್ದ. ಅಷ್ಟೇ. ಅವನ ಅಮ್ಮ ಅತ್ತು ಅತ್ತು ಬೈದರು. ಅಪ್ಪ ಸಿನಿಮಾ ಪತ್ರಿಕೆಗಳನ್ನೆಲ್ಲಾ ಬಚ್ಚಲ ಒಲೆಗೆ ಹಾಕಿದರು. ಬೆಂಗಳೂರಿನ ಮಾತು ಅಲ್ಲಿಗೆ ಮುಗಿಯಿತು. ಮುಂದಿನ ವರ್ಷ ಅವನು ಬೊಂಬಾಯಿಗೆ ಹೋಟೆಲ್ ಕೆಲಸಕ್ಕೆ ಹೋದ. 'ಎರಡು ಹೆಜ್ಜೆ ಹಿಂದೆ ಹೋಗು' ಅಂತ ಹೇಳಿದವನು ನಾನು ಅನ್ನುವುದನ್ನು ನಾನು ಯಾರಿಗೂ ಹೇಳಲಿಲ್ಲ. ಅವನ ಅಮ್ಮ ನನ್ನನ್ನು ಕೂರಿಸಿ, "ನೀನಾದರೂ ಬುದ್ಧಿ ಹೇಳಬಾರದಿತ್ತಾ ಮಗಾ" ಅಂದಾಗಲೂ ತಲೆ ತಗ್ಗಿಸಿ ಕೂತೆ, ಹೇಳಲಿಲ್ಲ.

ರೋಲು ತೊಳೆಸಿದಾಗ ಹನ್ನೊಂದನೇ ಫೋಟೋ ಚೆನ್ನಾಗಿ ಬಂದಿತ್ತು. ಹಾಳಾದ್ದು, ಬಹಳ ಚೆನ್ನಾಗಿ ಬಂದಿತ್ತು! ರಾಜ ನಗುತ್ತಿದ್ದಾನೆ. ಬೆಲ್‌ಬಾಟಂ ಪೂರ್ತಿ ಬಂದಿದೆ. ಅವನ ಹಿಂದೆ ಅಲೆ ಆಗಲೇ ಭುಜದಷ್ಟು ಎತ್ತರ ಎದ್ದು ನಿಂತಿದೆ. ಕ್ಯಾಮರಾಕ್ಕೆ ಕಂಡದ್ದು ನನಗೆ ಕಾಣಲಿಲ್ಲ. ನಾನು ಪ್ಯಾಂಟು ನೋಡುತ್ತಿದ್ದೆ.

ಈಗ ಕಾಗದದ ತಮ್ಮಾ, ನಿನ್ನ ವಿಷಯಕ್ಕೆ ಬರುತ್ತೇನೆ. ಇದೆಲ್ಲಾ ಹಳೇ ಕಾಲದ ಕಥೆ ಅನ್ನಬೇಡ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದ ಇಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಮೂವರು ಇದೇ ದ್ವೀಪದ ಬಂಡೆಗಳ ಬಳಿ ನೀರುಪಾಲಾದರು. ನಿನ್ನದೇ ವಯಸ್ಸಿನವರು. ಮೂರು ಮನೆಯ ಅಮ್ಮಂದಿರು.

ಸಿನಿಮಾದವರೇ ಮಾಡುವಾಗ ನಾವು ಮಾಡಿದರೆ ಏನು ಅಂತೀಯಾ? ಸಿನಿಮಾದವರನ್ನೂ ನೀರು ಬಿಟ್ಟಿಲ್ಲಪ್ಪಾ. 2016ರ ನವೆಂಬರ್ 7, 'ಮಾಸ್ತಿಗುಡಿ' ಚಿತ್ರೀಕರಣ, ತಿಪ್ಪಗೊಂಡನಹಳ್ಳಿ ಜಲಾಶಯ. ಹೆಲಿಕಾಪ್ಟರಿನಿಂದ ಮೂವರು ನೀರಿಗೆ ಹಾರಿದರು. ನಾಯಕ ದುನಿಯಾ ವಿಜಯ್ ಬದುಕಿ ಬಂದರು. ಖಳನಟರಾದ ಅನಿಲ್, ಉದಯ್ ಬರಲಿಲ್ಲ. ಕಲ್ಲಿನಂಥ ಮೈಕಟ್ಟಿನ ಹುಡುಗರು. ಕ್ಯಾಮರಾ ಇತ್ತು, ಯೂನಿಟ್ ಇತ್ತು, ದಡದ ತುಂಬಾ ಜನ ಇದ್ದರು. ಸಮುದ್ರವೂ ಅಲ್ಲ ಅದು, ಅಲೆಯೇ ಇಲ್ಲದ ನೀರು! ಡೈರೆಕ್ಟರ್ 'ಕಟ್' ಅಂದರೆ ನಟ ನಿಲ್ಲುತ್ತಾನೆ, ಲೈಟು ಆರುತ್ತದೆ. ನೀರಿಗೆ ಆ ಮಾತು ಕೇಳಿಸುವುದಿಲ್ಲ.

ಇನ್ನೊಂದು ಚಿತ್ರ ನೆನಪು ಮಾಡಿಕೊ. 2022ರ ಅಕ್ಟೋಬರ್ 28ರಂದು ತೆರೆಗೆ ಬಂದ 'ಗಂಧದ ಗುಡಿ'. ನಮ್ಮ ಅಪ್ಪು ತೀರಿಕೊಂಡು ಒಂದು ವರ್ಷ ತುಂಬಲು ಒಂದೇ ದಿನ ಉಳಿದಿತ್ತು. ಥಿಯೇಟರಿನಲ್ಲಿ ಅಳದವರು ಯಾರು ಹೇಳು? ಅದರಲ್ಲಿ ಪುನೀತ್ ಮುರ್ಡೇಶ್ವರದ ಆಚೆ, ದಡದಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ದ್ವೀಪದ ಬಳಿ ಸಮುದ್ರದ ಅಡಿಗೆ ಇಳಿಯುತ್ತಾರೆ. ಹೇಗೆ ಇಳಿದರು ನೋಡಿದೆಯಾ? ಬೆನ್ನಿಗೆ ಉಸಿರಿನ ಸಿಲಿಂಡರು, ಮುಖಕ್ಕೆ ಕನ್ನಡಕ, ಪಕ್ಕದಲ್ಲಿ ಆ ಕೆಲಸ ಬಲ್ಲವರು. ಪವರ್ ಸ್ಟಾರ್ ಅನ್ನುವ ಬಿರುದನ್ನು ದೋಣಿಯಲ್ಲೇ ಬಿಟ್ಟು, ಹೇಳಿಕೊಟ್ಟ ಹಾಗೆ ಕೇಳುವ ಶಿಷ್ಯನಾಗಿ ಇಳಿದರು. ಆ ಚಿತ್ರದಲ್ಲಿ ಅವರಿಗೆ ಪಾತ್ರವೇ ಇಲ್ಲ, ಪುನೀತ್ ಆಗಿಯೇ ಇದ್ದಾರೆ. ಮೀನು ನೋಡಿದರು, ನೀರು ನೋಡಿದರು, ಬೆರಗಾದರು. ಅವರು ನೋಡಿದ್ದರಿಂದ ನಾವೂ ನೋಡಿದೆವು. ದ್ವೀಪಕ್ಕೆ ಹೋಗುವುದಾದರೆ ಹಾಗೆ ಹೋಗಬೇಕು.

ಹೋಗಬೇಡ ಅಂತ ನಾನು ಹೇಳುವುದಿಲ್ಲ. ಖಂಡಿತಾ ಹೋಗು. ನಮ್ಮ ಬಾಗಿಲಲ್ಲೇ ಇರುವ ಅಂಥ ಜಾಗವನ್ನು ನೋಡದೆ ಗೋವಾ, ಅಂಡಮಾನ್ ಅಂತ ದುಡ್ಡು ಕೂಡಿಸುವವರನ್ನು ಕಂಡರೆ ನನಗೆ ನಗು. ಆದರೆ ಹೋಗುವಾಗ ಈ ಮುದುಕನ ನಾಲ್ಕು ಮಾತು ಜೇಬಿನಲ್ಲಿ ಇಟ್ಟುಕೊ.

ಮಳೆಗಾಲದಲ್ಲಿ ಯಾರಾದರೂ ದುಡ್ಡಿನ ಆಸೆಗೆ ಕರೆದೊಯ್ಯುತ್ತೇನೆ ಅಂದರೂ ಹತ್ತಬೇಡ. ಪ್ರವಾಸಿ ದೋಣಿಗಳು ಆಗ ಸುಮ್ಮನೆ ನಿಲ್ಲುವುದಿಲ್ಲ. ಮಳೆ ಕಳೆದು ಕಡಲು ತಣಿದ ಮೇಲೆ ಹೋಗು. ದೋಣಿಯಲ್ಲಿ ಕೊಡುವ ಜಾಕೆಟನ್ನು ಹಾಕಿಕೊಂಡು ಬಕಲ್ ಬಿಗಿ ಮಾಡು. ಶರ್ಟಿನ ಡಿಸೈನ್ ಕಾಣುವುದಿಲ್ಲ ಅಂತ ಬಿಚ್ಚಿಡಬೇಡ.

ಬಂಡೆಯ ಮೇಲೆ ಒಂದು ಗೆರೆ ಇರುತ್ತದೆ, ನೋಡಿಕೊ. ಅದರ ಕೆಳಗೆ ಸಣ್ಣ ಸಣ್ಣ ಚಿಪ್ಪು ಅಂಟಿರುತ್ತದೆ, ಪಾಚಿ ಇರುತ್ತದೆ. ಅಂದರೆ ಅಲ್ಲಿಯವರೆಗೆ ನೀರು ಬರುತ್ತದೆ ಅಂತ ಸಮುದ್ರ ತಾನೇ ಬರೆದಿಟ್ಟ ಬೋರ್ಡು ಅದು. ಈಗ ಒಣಗಿ ಕಂಡರೂ ಅದು ನೀರಿನ ಜಾಗ. ಅಲೆಗಳೂ ಒಂದೇ ಅಳತೆಯಲ್ಲಿ ಬರುವುದಿಲ್ಲ. ಹತ್ತು ಸಣ್ಣವು ಬಂದು ನಿನಗೆ ಧೈರ್ಯ ಕೊಡುತ್ತವೆ, ಹನ್ನೊಂದನೆಯದು ಬಂದು ಕರೆದುಕೊಂಡು ಹೋಗುತ್ತದೆ.

ಜೀವರಕ್ಷಕರು ಸೀಟಿ ಊದಿದರೆ ಗೇಲಿ ಮಾಡಬೇಡ. ಅವರು ನಿನ್ನ ರೀಲ್ಸ್ ಹಾಳು ಮಾಡಲು ಬಂದವರಲ್ಲ. ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡ. ಮುಳುಗುವವನು ನಿನ್ನ ಕುತ್ತಿಗೆ ಹಿಡಿದರೆ ಒಬ್ಬನ ಬದಲು ಇಬ್ಬರು. ತೇಲುವುದು ಏನಿದ್ದರೂ ಎಸೆ, ಹಗ್ಗ ಎಸೆ, ಕೂಗು. ಈಜು ಬರುತ್ತದೆ ಅನ್ನುವ ಜಂಬ ಕೆರೆಯಲ್ಲೇ ಇರಲಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ನಿನಗಲ್ಲ, ಮೊಬೈಲ್ ಹಿಡಿಯುವ ನಿನ್ನ ಸ್ನೇಹಿತನಿಗೆ. ತಮ್ಮಾ, ನಿಂತವನಿಗೆ ಹಿಂದಿನದು ಕಾಣುವುದಿಲ್ಲ. ಅವನ ಕಣ್ಣು ನೀನೇ. ಫ್ರೇಮು ನೋಡುವ ಮೊದಲು ನೀರು ನೋಡು. 'ಇನ್ನೂ ಸ್ವಲ್ಪ ಹಿಂದೆ' ಅಂತ ಮಾತ್ರ ಹೇಳಬೇಡ. ಬೇಕಾದರೆ ನೀನೇ ಹಿಂದೆ ಬಾ.

ಕಾಗದ ಬಂದ ಮೂರನೇ ದಿನ ನಾನು ಒಂದು ಕೆಲಸ ಮಾಡಿದೆ. ರಾಜ ಈಗ ಊರಲ್ಲೇ ಇದ್ದಾನೆ. ಹೋಟೆಲು ಸಾಕು ಅಂತ ಬಂದು ಮನೆ ಕಟ್ಟಿಸಿದ್ದಾನೆ. ಗುಂಗುರು ಕೂದಲು ಹೋಗಿ ತಲೆ ನುಣ್ಣಗಾಗಿದೆ, ಮೊಮ್ಮಕ್ಕಳಿದ್ದಾರೆ. ಟ್ರಂಕಿನಿಂದ ಆ ಫೋಟೋ ತೆಗೆದು ಲಕೋಟೆಯಲ್ಲಿ ಹಾಕಿಕೊಂಡು ಅವನ ಮನೆಗೆ ಹೋದೆ. ಜಗುಲಿಯಲ್ಲಿ ಕೂತೆವು. ಚಾ ಬಂತು. ನಾನು ಫೋಟೋ ಅವನ ಕೈಗೆ ಕೊಟ್ಟು ಹೇಳಿದೆ, "ಆ ದಿನ ಹಿಂದೆ ಹೋಗು ಅಂತ ಹೇಳಿದ್ದು ನಾನು. ನಿನ್ನ ಅಮ್ಮ ಇರುವಾಗ ಹೇಳಬೇಕಿತ್ತು. ಹೇಳಲಿಲ್ಲ."

ಅವನು ಫೋಟೋ ತುಂಬಾ ಹೊತ್ತು ನೋಡಿದ.

"ಗೊತ್ತುಂಟು ಮಾರಾಯ. ಹೇಳಿದ್ದು ನೀನು, ಕೇಳಿಸಿಕೊಂಡದ್ದು ನಾನು. ಹಾಗಾದರೆ ಮರೆಯುತ್ತದಾ?" ಅಂದ.

"ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನೀನು ಹೇಳುತ್ತೀಯಾ ಅಂತ ನೋಡುತ್ತಿದ್ದೆ."

ಚಾ ತಣ್ಣಗಾಯಿತು. ಆಮೇಲೆ ಅವನ ಮೊಮ್ಮಗ ಬಂದು ಫೋಟೋ ಇಣುಕಿ ನೋಡಿ, ಇದು ಯಾವ ಹೀರೋ ಅಜ್ಜಾ ಅಂತ ಕೇಳಿದ. ರಾಜ ನಕ್ಕ. ಅದೇ ನಗು, ಏನೂ ಕಮ್ಮಿಯಾಗಿಲ್ಲ. ಫೋಟೋ ನಾನೇ ಇಟ್ಟುಕೊಳ್ಳುತ್ತೇನೆ ಅಂದ. ಹುಡುಗನಿಗೆ ಕಥೆ ಹೇಳಬೇಕಂತೆ, ಬಿದ್ದದ್ದೂ ಸೇರಿಸಿ. ಇದನ್ನು ಪತ್ರಿಕೆಯಲ್ಲಿ ಬರೆಯಲೇ ಅಂತ ಕೇಳಿದೆ. ಬರಿ, ಹೆಸರು ಮಾತ್ರ ಹಾಕಬೇಡ ಅಂದ.

ಹನ್ನೆರಡನೇ ಫೋಟೋ ಏನಾಯಿತು ಅಂತ ಕೇಳುತ್ತೀರಾ? ಅದನ್ನು ವಾಪಸ್ ಬರುವಾಗ ತೆಗೆದೆ. ದೋಣಿಯ ಹಿಂದೆ ನಿಂತ ತಾಂಡೇಲರು, ಮುಂಡಾಸಿಲ್ಲದ ತಲೆ, ಸಿಟ್ಟಿನ ಮುಖ. ಅವರು ಈಗಿಲ್ಲ. ಆ ಫೋಟೋ ನನ್ನ ಬಳಿಯೇ ಇದೆ, ಅದನ್ನು ಯಾರಿಗೂ ಕೊಡುವುದಿಲ್ಲ.

ಬೆಳ್ಮಣ್ಣಿನ ತಮ್ಮಾ, ಎಂಟು ಜನ ಹೋಗಿ ಎಂಟು ಜನ ವಾಪಸ್ ಬಂದ ಮೇಲೆ ನನಗೊಂದು ಕಾರ್ಡು ಹಾಕು. ರೀಲ್ಸ್ ಕಳಿಸದಿದ್ದರೂ ಪರವಾಗಿಲ್ಲ. ಆರು ಮುಖದ ಕಂಬ ಎಷ್ಟು ಕಂಡೆ, ಐದು ಮುಖದ್ದು ಎಷ್ಟು ಕಂಡೆ ಅಂತ ಎಣಿಸಿ ಬರೆ. ಎಣಿಸಲು ಕೂತರೆ ಒಣ ಕಲ್ಲಿನ ಮೇಲೇ ಕೂರಬೇಕಾಗುತ್ತದೆ, ಅಷ್ಟೇ ನನ್ನ ಉಪಾಯ.

ಬಸ್ಸು ಹೊರಟಿತು ಅಂತ ಕಾಣುತ್ತದೆ. ರೈಟ್ ಪೋಯಿ! ಮುಂದಿನ ವಾರ ಗಾಸಿಪ್ ಸಮೇತ ಸಿಗೋಣ.